ಕರೆಂಟಿನ ದೋಣಿ

ದೋಣಿಗೆ ಮೋಟಾರ್ ಹಾಕುವವರ ಬಗ್ಗೆ ನನಗೊಂದು ಸಣ್ಣ ತಾತ್ಸಾರ ಇತ್ತು. ಮೊದಲೇ ಒಪ್ಪಿಕೊಂಡುಬಿಡ್ತೀನಿ. ವಾರಪೂರ್ತಿ ಎರಡು ಮಾನಿಟರ್ ಮುಂದೆ ಕೂತು, ದಿನಕ್ಕೆ ಐದಾರು ಮೀಟಿಂಗ್ ಮುಗಿಸಿ, ಶನಿವಾರ ಬೆಳಿಗ್ಗೆ ಕೆರೆಗೆ ಇಳಿಯೋದೇ ಸದ್ದಿಲ್ಲದ ಜಾಗ ಬೇಕು ಅಂತ. ಅಲ್ಲೂ ಒಂದು ಬ್ಯಾಟರಿ, ಅದಕ್ಕೊಂದು ಚಾರ್ಜರ್, ಅದಕ್ಕೊಂದು ವೈರು ಅಂದರೆ ಮನೆಯಲ್ಲೇ ಬಿದ್ದುಕೊಂಡಿರಬಹುದಲ್ಲ? ಹುಟ್ಟು ಹಾಕೋದೇ ಧ್ಯಾನ, ಹುಟ್ಟಿನಿಂದ ಜಾರುವ ನೀರಿನ ಹನಿಯ ಸದ್ದೇ ಸಂಗೀತ ಅಂತೆಲ್ಲ ಇನ್‌ಸ್ಟಾಗ್ರಾಂನಲ್ಲಿ ಬರೆದುಕೊಂಡವನು ನಾನು. ಆ ಪೋಸ್ಟ್ ಇನ್ನೂ ಇದೆ. ಅಳಿಸಿಲ್ಲ, ನಾಚಿಕೆಗೆ ಸಾಕ್ಷಿ ಇರಲಿ ಅಂತ.

ನಾನಿರೋದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಪಕ್ಕ. ಇಲ್ಲಿ ಕಾರಿನ ನಂಬರ್ ಪ್ಲೇಟ್ ಮೇಲೇ ‘10,000 ಕೆರೆಗಳು’ ಅಂತ ಬರೆದಿರುತ್ತೆ. ಸರ್ಕಾರದ ಲೆಕ್ಕದ ಪ್ರಕಾರ ಹತ್ತು ಎಕರೆ ಮೀರಿದ ಕೆರೆಗಳೇ 11,842. ತಮ್ಮಲ್ಲಿರುವುದನ್ನು ಕಡಿಮೆ ಮಾಡಿ ಹೇಳಿಕೊಂಡ ಇನ್ನೊಂದು ಸರ್ಕಾರವನ್ನು ನಾನು ನೋಡಿಲ್ಲ. ನಾನು ಹೋಗುವ ಕೆರೆಯ ಹೆಸರು ಮಾತ್ರ ಬರೆಯಲ್ಲ. ಮೀನು ಹಿಡಿಯೋರಲ್ಲಿ ಅದೊಂದು ಅಲಿಖಿತ ನಿಯಮ. ಮನೆಯಿಂದ ಇಪ್ಪತ್ತು ನಿಮಿಷ, ಮೂರು ಕಿಲೋಮೀಟರ್ ಉದ್ದ, ಅಂಚಿನಲ್ಲೆಲ್ಲ ಜೊಂಡು, ಅಷ್ಟು ಸಾಕು.

ನನ್ನ ದೋಣಿ ಒಂದು ಕನೂ. ಎರಡೂ ತುದಿ ಚೂಪಾಗಿ, ಹುಣಸೆ ಕಾಯಿಯ ಹಾಗೆ ಇರುತ್ತಲ್ಲ, ಅದು. ಈ ನೆಲದ ಓಜಿಬ್ವೆ ಜನ ಬರ್ಚ್ ಮರದ ತೊಗಟೆಯಲ್ಲಿ ಮಾಡಿಕೊಳ್ಳುತ್ತಿದ್ದದ್ದು. ನನ್ನದು ಮಾತ್ರ ಅಲ್ಯೂಮಿನಿಯಂ, ಗ್ರಮ್ಮನ್ ಕಂಪನಿಯದ್ದು, ಹದಿನೇಳು ಅಡಿ ಉದ್ದ, ನನಗಿಂತ ವಯಸ್ಸಾದದ್ದು. ಗ್ರಮ್ಮನ್ ಅಂದರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಯುದ್ಧವಿಮಾನ ಮಾಡಿಕೊಡುತ್ತಿದ್ದ ಕಂಪನಿ. ಯುದ್ಧ ಮುಗಿಯುತ್ತಾ ಬಂದ ಹಾಗೆ, 1945ರಲ್ಲಿ, ಅದೇ ಅಲ್ಯೂಮಿನಿಯಂ ಹಾಳೆ ಬಗ್ಗಿಸಿ, ಅದೇ ಥರ ರಿವೆಟ್ ಹೊಡೆದು ಕನೂ ಮಾಡೋಕೆ ಶುರು ಮಾಡಿತು. ಗಟ್ಟಿಮುಟ್ಟು. ಆದರೆ ಕಲ್ಲಿಗೆ ತಾಗಿದರೆ ಊರಿಗೆಲ್ಲ ಕೇಳುತ್ತೆ. ಅಪ್ಪ ಮೊದಲ ಸಲ ನೋಡಿದಾಗ ಬೆರಳ ಗೆಣ್ಣಿನಲ್ಲಿ ಟಣ್ ಟಣ್ ಅಂತ ತಟ್ಟಿ, ‘ಇದರಲ್ಲಿ ಐನೂರು ಜನಕ್ಕೆ ಸಾರು ಮಾಡಬಹುದಲ್ಲ ಮಾರಾಯ’ ಅಂದಿದ್ದ.

ಅಪ್ಪ ಅಮ್ಮ ಇಲ್ಲಿಗೆ ಬಂದದ್ದು ಮೇ ತಿಂಗಳಲ್ಲಿ. ಅಪ್ಪ ಹುಟ್ಟಿ ಬೆಳೆದದ್ದು ಸಾಗರ ತಾಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅಪ್ಪನಿಗೆ ಆಗ ಆರು ವರ್ಷ. ಕಣಿವೆ ತುಂಬಾ ನೀರು ನಿಂತಿತು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಯಿತು. ಹಿನ್ನೀರಿನ ಊರುಗಳಲ್ಲಿ ಚಿಮಣಿ ಬುಡ್ಡಿ ಹಾಗೇ ಉರಿಯುತ್ತಿತ್ತು. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೋಗಬೇಕಾದರೂ ಮರದ ದೋಣಿ. ಅಪ್ಪನಿಗೆ ಸೈಕಲ್ ಬರೋ ಮೊದಲು ಹುಟ್ಟು ಹಾಕೋಕೆ ಬರ್ತಿತ್ತು. ಆಮೇಲೆ ಓದಿ, ಸಾಗರ ಪೇಟೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಮನೆ ಆಯಿತು. ನಾನು ಪೇಟೆಯ ಹುಡುಗ. ನನಗೆ ದೋಣಿ ಅಂದರೆ ವರ್ಷಕ್ಕೊಮ್ಮೆ ಸಿಗಂದೂರಿಗೆ ಹೋಗುವಾಗಿನ ಲಾಂಚು, ಅದರ ಮೇಲೆ ನಿಂತ ಬಸ್ಸು, ಕೈಯಲ್ಲಿ ಕಡಲೆಕಾಯಿ.

ಹಾಗಾಗಿ ಅಪ್ಪ ಬರ್ತಾನೆ ಅಂದಾಗ ನನ್ನ ತಲೆಯಲ್ಲಿ ಒಂದು ಸಿನಿಮಾ ರೆಡಿಯಾಗಿತ್ತು. ಮುಂದೆ ಅಪ್ಪ, ಹಿಂದೆ ನಾನು, ಇಬ್ಬರ ಹುಟ್ಟೂ ಒಂದೇ ತಾಳದಲ್ಲಿ ನೀರಿಗಿಳಿಯೋದು, ಎದುರು ಸೂರ್ಯೋದಯ. ಒಂದು ವಿಷಯ ಮರೆತಿದ್ದೆ. ಹಿಂದಿನ ಮಳೆಗಾಲ ಅಪ್ಪ ಹಿತ್ತಿಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗಡೆ ಭುಜದ ಸ್ನಾಯು ಹರಿದುಕೊಂಡಿದ್ದ. ‘ಈ ವಯಸ್ಸಲ್ಲಿ ಆಪರೇಷನ್ ಬೇಡ, ವ್ಯಾಯಾಮ ಮಾಡಿ’ ಅಂದಿದ್ದರು ಡಾಕ್ಟ್ರು. ಫೋನಲ್ಲಿ ಕೇಳಿದಾಗೆಲ್ಲ ‘ಅಡ್ಡಿಲ್ಲ, ಆರಾಮಿದೆ’ ಅಂತಿದ್ದ. ಅಡ್ಡಿಲ್ಲ ಅಂದರೆ ಏನೂ ಇಲ್ಲ ಅಂತ ತಿಳಿಯೋದು ನಮ್ಮಂಥ ದೂರದ ಮಕ್ಕಳಿಗೆ ಅನುಕೂಲ.

ಮೊದಲ ಭಾನುವಾರ ಕನೂ ಇಳಿಸಿದ್ವಿ. ಅಪ್ಪ ಮುಂದಿನ ಸೀಟಲ್ಲಿ ಕೂತು ಹುಟ್ಟು ತಗೊಂಡ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕೈ ಮೇಲೇಳಲಿಲ್ಲ. ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ತಿರುಗಿ ನೋಡದೆ, ‘ನೀನೇ ಹಾಕು’ ಅಂದ. ಅರ್ಧ ಗಂಟೆ ಅವನನ್ನು ಕೂರಿಸಿಕೊಂಡು ನಾನು ಹುಟ್ಟು ಹಾಕಿದೆ. ಮೀನು ಇರುವ ಜಾಗ ತೋರಿಸಿದೆ, ಹಕ್ಕಿ ತೋರಿಸಿದೆ. ಎಲ್ಲದಕ್ಕೂ ‘ಹ್ಞೂಂ’. ಮದುವೆ ಮನೆಯಲ್ಲಿ ಯಾರೋ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ ಮುದುಕನ ಹಾಗೆ ಕೂತಿದ್ದ. ಆ ಬೆನ್ನು ನೋಡಿಕೊಂಡು ವಾಪಸ್ ಬಂದವನು ಅವತ್ತು ರಾತ್ರಿಯೇ ಮೋಟಾರ್ ಹುಡುಕಿದೆ.

ಈಗ ಸ್ವಲ್ಪ ಮೋಟಾರಿನ ವಿಷಯ. ಬೇಡ ಅನ್ನೋರು ಎರಡು ಪ್ಯಾರಾ ಹಾರಿಸಿ. ಆದರೆ ಮುಂದೆ ನಾನು ಮಾಡಿದ ತಪ್ಪೆಲ್ಲ ಇದರಲ್ಲೇ ಇದೆ.

ಇದಕ್ಕೆ ಟ್ರೋಲಿಂಗ್ ಮೋಟಾರ್ ಅಂತಾರೆ. ಒಂದು ಉದ್ದ ಕೊಳವೆ, ಕೆಳಗೆ ನೀರಿನೊಳಗೆ ತೆಂಗಿನಕಾಯಿ ಗಾತ್ರದ ಮೋಟಾರು ಮತ್ತು ಪುಟ್ಟ ರೆಕ್ಕೆ, ಮೇಲೆ ತಿರುಗಿಸುವ ಹಿಡಿ. ಹಿಡಿಯಲ್ಲೇ ವೇಗದ ನಂಬರು. ನನ್ನದರಲ್ಲಿ ಮುಂದಕ್ಕೆ ಐದು, ಹಿಂದಕ್ಕೆ ಮೂರು. ಸದ್ದು ಅಂದರೆ ಪಕ್ಕದ ರೂಮಿನ ಫ್ಯಾನಿನಷ್ಟು. ಈ ಭಾಗದಲ್ಲಿ ಇದು ಹೊಸದೇನಲ್ಲ. ಇಲ್ಲಿಂದ ಪಶ್ಚಿಮಕ್ಕೆ, ಮಿನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳ ಗಡಿಯಲ್ಲಿರುವ ಫಾರ್ಗೋ ಊರಲ್ಲಿ 1934ರಲ್ಲೇ ಒಂದು ಕಂಪನಿ ಶುರುವಾಯಿತು. ಎರಡೂ ರಾಜ್ಯದ ಹೆಸರು ಕತ್ತರಿಸಿ ಜೋಡಿಸಿ ‘ಮಿನ್ ಕೋಟಾ’ ಅಂತ ಇಟ್ಟುಕೊಂಡರು. ಇವತ್ತಿಗೂ ಎಲ್ಲರ ಬಾಯಲ್ಲೂ ಅದೇ ಹೆಸರು. ಇದರ ಶಕ್ತಿಯನ್ನು ಕುದುರೆಯಲ್ಲಿ ಅಳೆಯಲ್ಲ, ನೂಕುವ ಬಲದಲ್ಲಿ ಅಳೀತಾರೆ. ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು 30 ಪೌಂಡಿನದ್ದು, ಅಂದರೆ ಸುಮಾರು 13.6 ಕೆಜಿ ನೂಕು. ಕನೂಗೆ ಅಷ್ಟು ಧಾರಾಳ. ಹೆಚ್ಚಿನದು ಹಾಕಿ ಪ್ರಯೋಜನವೂ ಇಲ್ಲ. ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಗೆ ಉದ್ದಕ್ಕೆ ತಕ್ಕ ಒಂದು ವೇಗದ ಮಿತಿ ಇರುತ್ತೆ. ನನ್ನದಕ್ಕೆ ಗಂಟೆಗೆ ಸುಮಾರು 10 ಕಿಲೋಮೀಟರ್. ಆ ಮಿತಿಯ ಹತ್ತಿರ ಹೋದ ಹಾಗೆಲ್ಲ ಬ್ಯಾಟರಿ ಸುಮ್ಮನೆ ಅಲೆ ಎಬ್ಬಿಸೋಕೆ ಖರ್ಚಾಗುತ್ತೆ. ಅದಕ್ಕೂ ಕೆಳಗೇ, ವೇಗ ಎರಡರಷ್ಟು ಬೇಕು ಅಂದರೆ ಶಕ್ತಿ ಸುಮಾರು ಎಂಟರಷ್ಟು ಸುರೀಬೇಕು. ಎರಡನೇ ನಂಬರಲ್ಲಿ ಇಡೀ ಬೆಳಿಗ್ಗೆ ಓಡುವ ಬ್ಯಾಟರಿ ಐದನೇ ನಂಬರಲ್ಲಿ ಒಂದು ಗಂಟೆಗೇ ಸುಸ್ತು.

ಕನೂನ ಹಿಂದಿನ ತುದಿಯೂ ಚೂಪಾದ್ದರಿಂದ ಮೋಟಾರನ್ನು ಅಲ್ಲಿ ಕಚ್ಚಿಸೋಕಾಗಲ್ಲ, ಪಕ್ಕಕ್ಕೆ ನೇತುಹಾಕಬೇಕು. ಮರದಂಗಡಿಯಿಂದ ಒಂದು ‘ಟೂ ಬೈ ಫೋರ್’ ಪಟ್ಟಿ ತಂದೆ. (ಹೆಸರಿಗೆ ಎರಡಿಂಚು ನಾಲ್ಕಿಂಚು, ಅಳೆದರೆ ಒಂದೂವರೆ ಮೂರೂವರೆ. ನಮ್ಮ ಹೋಟೆಲಿನ ಬೈ ಟೂ ಕಾಫಿಯ ಲೆಕ್ಕವೇ ಇಲ್ಲೂ.) ಹಿಂದಿನ ಸೀಟಿನ ಹಿಂದೆ, ಎರಡೂ ಅಂಚಿನ ಮೇಲೆ ಅಡ್ಡ ಇಟ್ಟು ಬಿಗಿದು, ಎಡಗಡೆ ಅರ್ಧ ಅಡಿ ಹೊರಗೆ ಚಾಚಿಸಿದೆ. ನಾನು ಬಲಗೈಯವನು. ಎಡಗೈಯಲ್ಲಿ ಮೋಟಾರು ಹಿಡಿದರೆ ಬಲಗೈ ಗಾಳಕ್ಕೆ ಖಾಲಿ. ಬ್ಯಾಟರಿ ಪಕ್ಕದಲ್ಲೇ 50 ಆಂಪ್ ಬ್ರೇಕರ್. ಇದನ್ನು ಮಾತ್ರ ಯಾರೂ ಬಿಡಬೇಡಿ. ರೆಕ್ಕೆಗೆ ಜೊಂಡು ಸಿಕ್ಕಿಕೊಂಡರೆ ವೈರು ಬಿಸಿಯಾಗಿ ಉರಿದುಹೋಗಬಹುದು, ನೀರಿನ ನಡುವೆ ಬೆಂಕಿ ಯಾರಿಗೆ ಬೇಕು. ಇಲ್ಲಿ ಎಲೆಕ್ಟ್ರಿಕ್ ಆದರೂ ಮೋಟಾರು ಮೋಟಾರೇ, ರಿಜಿಸ್ಟ್ರೇಷನ್ ಮಾಡಿಸಿ ನಂಬರನ್ನು ಮೂತಿಯ ಎರಡೂ ಬದಿಗೆ ಅಂಟಿಸಬೇಕು. ಅಪ್ಪನಿಗೆ ಮೀನಿನ ಲೈಸೆನ್ಸ್ ಬೇರೆ. ‘ಗಾಳಕ್ಕೂ ಲೈಸೆನ್ಸಾ? ಎರೆಹುಳಕ್ಕೆ ಬೇಡವಾ?’ ಅಂತ ಕೇಳಿದ. ಎರೆಹುಳ ಪೆಟ್ರೋಲ್ ಬಂಕಿನಲ್ಲಿ, ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿಟ್ಟು ಮಾರ್ತಾರೆ ಅಂದಾಗ ಅಮ್ಮನ ಮುಖ ನೋಡಬೇಕಿತ್ತು.

ಬ್ಯಾಟರಿಯಲ್ಲಿ ಜುಗ್ಗತನ ಮಾಡಿದೆ. ಯಾರದೋ ಗ್ಯಾರೇಜ್ ಸೇಲಿನಲ್ಲಿ ಹಳೇ ಲೆಡ್-ಆಸಿಡ್ ಬ್ಯಾಟರಿ ಸಿಕ್ಕಿತು, 24 ಕೆಜಿ. ಲೇಬಲ್ ಮೇಲೆ 80 ಆಂಪ್-ಅವರ್ ಅಂತಿತ್ತು. ಎಕ್ಸೆಲ್ ಶೀಟಲ್ಲಿ ಹಾಕಿದೆ: ಪೂರ್ತಿ ವೇಗದಲ್ಲಿ 30 ಆಂಪ್, ಎರಡೂವರೆ ಗಂಟೆ ಓಡುತ್ತೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಜೋರಾಗಿ ಎಳೆದಷ್ಟೂ ಅದು ಕೊಡೋದು ಕಡಿಮೆ, ಹಳೆಯದಾದರೆ ಲೇಬಲ್ಲಿಗೂ ಒಳಗಿರೋದಕ್ಕೂ ಸಂಬಂಧವೇ ಇರಲ್ಲ. ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಶೀಟಲ್ಲಿ ಹಾಕಲಿಲ್ಲ. ಆಫೀಸಿನಲ್ಲಿ ಜೂನಿಯರ್ ಯಾರಾದರೂ ಹೀಗೆ ಮಾಡಿದ್ದರೆ ಒಂದು ಗಂಟೆ ಉಪದೇಶ ಮಾಡ್ತಿದ್ದೆ.

ಮೇ ಕೊನೆಯ ಶನಿವಾರ ಹೊರಟ್ವಿ. ಅಪ್ಪ ಮುಂದೆ, 55 ಕೆಜಿ. ಹಿಂದೆ 82 ಕೆಜಿಯ ನಾನು, ನನ್ನ ಪಕ್ಕ ಮೋಟಾರು, ಕಾಲ ಬುಡದಲ್ಲಿ ಬ್ಯಾಟರಿ. ಗಾಳಿ ಹಿಂದಿನಿಂದ. ಐದನೇ ನಂಬರಿಗೆ ತಿರುಗಿಸಿದೆ. ಮೂತಿ ಎದ್ದು ನಿಂತಿತು, ನೀರು ಎರಡೂ ಕಡೆ ಸೀಳಿಕೊಂಡು ಹೋಯಿತು. ಅಪ್ಪ ತಿರುಗಿ ನನ್ನ ನೋಡಿ ನಕ್ಕ. ಬಂದು ಮೂರು ವಾರದಲ್ಲಿ ಹಲ್ಲು ಕಾಣುವ ಹಾಗೆ ನಕ್ಕಿದ್ದು ಅದೇ ಮೊದಲು. ಆ ನಗುಗೋಸ್ಕರ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹೊಡೆಸಿದೆ. ಕೆರೆಯ ಆ ತುದಿಗೆ ಹೋಗಿ ಗಾಳ ಹಾಕಿ ಒಂದು ಗಂಟೆ ಕೂತ್ವಿ. ಅಷ್ಟರಲ್ಲಿ ಗಾಳಿ ಜೋರಾಯಿತು.

ವಾಪಸ್ ಹೊರಟಾಗ ಗೊತ್ತಾಯಿತು. ಗಾಳಿ ಈಗ ಎದುರು. ಮೂತಿ ನೀರಿನಿಂದ ಮೇಲಿದ್ದದ್ದರಿಂದ ಗಾಳಿ ಅದನ್ನೇ ಹಿಡಿದು ತಿರುಗಿಸುತ್ತಿತ್ತು, ತೆಂಗಿನಗರಿ ತಿರುಗಿಸಿದ ಹಾಗೆ. ಹಿಂದಿನಿಂದ ಎಷ್ಟು ನೂಕಿದರೂ ದೋಣಿ ನೆಟ್ಟಗಾಗಲ್ಲ. ಐದರಲ್ಲಿಟ್ಟೆ. ಹತ್ತು ನಿಮಿಷಕ್ಕೆ ಮೋಟಾರಿನ ದನಿ ಇಳಿಯಿತು, ಮುಲುಗಿತು, ಕೊನೆಗೆ ರೆಕ್ಕೆ ಎಣಿಸಬಹುದಾದಷ್ಟು ನಿಧಾನವಾಗಿ ತಿರುಗಿತು. ಅಲೆ ಪಕ್ಕದಿಂದ ಬಡಿದು ಒಳಗೆ ನೀರು ಬಂತು. ಹುಟ್ಟು ಒಂದೇ ಇತ್ತು. ಮೋಟಾರ್ ಇದೆಯಲ್ಲ ಅಂತ ಎರಡನೆಯದನ್ನು ಕಾರಲ್ಲೇ ಬಿಟ್ಟಿದ್ದೆ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ಬೆಚ್ಚಗಿರುತ್ತೆ, ನೀರು ಮಾತ್ರ ಆಗಷ್ಟೇ ಹಿಮ ಕರಗಿದ್ದು. ಅಂಥ ನೀರಿಗೆ ಬಿದ್ದರೆ ಈಜು ಬರುತ್ತೋ ಇಲ್ಲವೋ ಅನ್ನೋದು ಆಮೇಲಿನ ಪ್ರಶ್ನೆ. ಮೊದಲ ಕ್ಷಣವೇ ತಣ್ಣೀರಿನ ಆಘಾತಕ್ಕೆ ಎದೆ ತಾನಾಗಿ ಉಸಿರನ್ನು ಒಳಗೆಳೆದುಕೊಳ್ಳುತ್ತೆ. ಆಗ ಬಾಯಿ ನೀರೊಳಗಿದ್ದರೆ ಅಷ್ಟೇ. ಅಪ್ಪ ಲೈಫ್ ಜಾಕೆಟ್ ಹಾಕಿದ್ದ, ನನ್ನ ಹೆಂಡತಿ ಜಗಳ ಮಾಡಿ ಹಾಕಿಸಿದ್ದಳು. ಆದರೂ ಒಂದು ಕೈ ಏಳದ ಅರವತ್ತಾರು ವರ್ಷದ ಮನುಷ್ಯ. ನನಗೆ ಬಾಯಿ ಒಣಗಿತು. ಗಾಳಿಗೆ ಎದುರಾಗಿ ಹುಟ್ಟು ಹಾಕ್ತಾನೇ ಇದ್ದೆ, ದೋಣಿ ನಿಂತಲ್ಲೇ ನಿಂತಿತ್ತು.

ಅಪ್ಪ ಸೀಟಿನಿಂದ ಮೆಲ್ಲಗೆ ಜಾರಿ ದೋಣಿಯ ತಳದಲ್ಲಿ, ಆ ನೀರಲ್ಲೇ ಕೂತ. ‘ನೀನೂ ಕೆಳಗೆ ಕೂರು’ ಅಂದ. ಕೂತೆ. ‘ಎದುರಾಡಬೇಡ. ತಿರುಗಿಸು. ಅದು ಎಲ್ಲಿಗೆ ಒಯ್ತದೋ ಅಲ್ಲಿ ಹತ್ತುವ.’ ತಿರುಗಿಸಿದೆ. ಇಪ್ಪತ್ತು ನಿಮಿಷಕ್ಕೆ ಗಾಳಿ ನಮ್ಮನ್ನು ತಂದು ಯಾರದೋ ಮನೆಯ ಹಿಂದಿನ ಜೊಂಡಿನಲ್ಲಿ ತುರುಕಿತು. ಅಲ್ಲಿಂದ ಕಾರಿಗೆ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ಒದ್ದೆ ಪ್ಯಾಂಟಿನಲ್ಲಿ ಇಬ್ಬರೂ ನಡೆದ್ವಿ.

‘ಹೋಗುವಾಗ ಗಾಳಿಗೆ ಎದುರು ಹೋಗಬೇಕು. ಬರುವಾಗ ಶಕ್ತಿ ಇಲ್ಲದಿದ್ದರೂ ಅದೇ ತಂದುಬಿಡ್ತದೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿತ್ತು’ ಅಂದ ಅಪ್ಪ ದಾರಿಯಲ್ಲಿ.

‘ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ?’

‘ಮೋಟಾರ್ ಇದೆಯಲ್ಲ ಅಂತ ನಾನೂ ಮರೆತೆ.’

ಮನೆಯಲ್ಲಿ ಹೆಂಡತಿ ಒದ್ದೆ ಬಟ್ಟೆ ನೋಡಿ ಏನೂ ಕೇಳಲಿಲ್ಲ. ‘ಅತ್ತೆಗೆ ನೀನೇ ಹೇಳು’ ಅಂದಳು ಅಷ್ಟೆ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೋಟಾರು ಕಿತ್ತು ಮಾರೋದು ಅಂತಲೇ ಇದ್ದೆ. ಬೇಡ ಅಂದದ್ದು ಅಪ್ಪ. ಸಂಜೆ ಕಾಫಿ ಕುಡೀತಾ, ‘ಅಲ್ಲ, ಬ್ಯಾಟರಿ ಸರಿ ಇದ್ದಿದ್ದರೆ ಅದು ಬರ್ತಿತ್ತಲ್ಲ?’ ಅಂತ ಕೇಳಿದ. ಬರ್ತಿತ್ತು ಅಂದೆ. ‘ಮತ್ತೆ ಮೋಟಾರಿಂದೆಂತ ತಪ್ಪು?’

ಹೊಸ ಲಿಥಿಯಂ ಬ್ಯಾಟರಿ ತರಿಸಿದೆ. 50 ಆಂಪ್-ಅವರ್, ತೂಕ 6 ಕೆಜಿ, ಹೆಚ್ಚುಕಡಿಮೆ ಪೂರ್ತಿ ಖಾಲಿಯಾಗುವ ತನಕ ಒಂದೇ ಸಮ ಶಕ್ತಿ ಕೊಡುತ್ತೆ. ದಪ್ಪ ವೈರು ಎಳೆದು ಅದನ್ನು ಮುಂದಕ್ಕೆ ಇಟ್ಟೆ. ಆದರೂ ಮೂತಿ ಏಳ್ತಿತ್ತು. 20 ಲೀಟರಿನ ಕ್ಯಾನಿಗೆ ಕೆರೆಯ ನೀರನ್ನೇ ತುಂಬಿಸಿ ಮುಂದಿನ ತುದಿಯಲ್ಲಿಟ್ಟೆ. ಇದು ಇಲ್ಲಿನ ಕನೂ ಮಂದಿಯ ಹಳೆಯ ಉಪಾಯ, ಅಕಸ್ಮಾತ್ ದೋಣಿ ಮಗುಚಿದರೂ ನೀರಿನ ಕ್ಯಾನು ಕಲ್ಲಿನ ಹಾಗೆ ಕೆಳಗೆಳೆಯಲ್ಲ. ಅಮ್ಮ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡ್ತಿದ್ದಳು. ‘18 ಕೆಜಿ ಕಡಿಮೆ ಮಾಡೋಕೆ ಅಷ್ಟು ದುಡ್ಡು ಕೊಟ್ಟೆ. ಈಗ 20 ಕೆಜಿ ನೀರು ತುಂಬ್ತಿದ್ದೀಯ. ದಪ್ಪಗಿರೋ ನೀನು ಮುಂದೆ ಕೂತು, ಸಣ್ಣಗಿರೋ ಅಪ್ಪನ್ನ ಹಿಂದೆ ಕೂರಿಸಿದರೆ ಆಗಲ್ವಾ?’

ಇಷ್ಟು ದಿನ ಅದು ನನಗೆ ಹೊಳೆದೇ ಇರಲಿಲ್ಲ. ಅಪ್ಪನನ್ನು ಸುತ್ತಾಡಿಸಬೇಕು ಅಂತಲೇ ಇತ್ತು ತಲೆಯಲ್ಲಿ.

ಕ್ಯಾನಿನ ನೀರು ಚೆಲ್ಲಿದೆ. ಜಾಗ ಬದಲಾಯಿಸಿಕೊಂಡ್ವಿ. ಮೋಟಾರು ಎಡಗಡೆ, ಅಪ್ಪನ ಸರಿಯಿರೋ ಕೈಯೂ ಎಡಗೈ. ಹಿಡಿಗೆ ಒಂದು ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಉದ್ದ ಮಾಡಿಕೊಟ್ಟೆ, ಭುಜ ಹಿಂದಕ್ಕೆ ತಿರುಚಬೇಕಾಗಿಲ್ಲ. ದೋಣಿ ನೀರಿನ ಮೇಲೆ ಮಟ್ಟಸವಾಗಿ ಕೂತಿತು. ಅಪ್ಪ ಕತ್ತೆತ್ತಿ ಎಲೆಗಳನ್ನು ನೋಡಿದ, ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದ, ಎರಡನೇ ನಂಬರಿಗಿಟ್ಟ. ಒಂದು ಸಲವೂ ನನ್ನನ್ನು ‘ಎತ್ಲಾಗೆ?’ ಅಂತ ಕೇಳಲಿಲ್ಲ.

ಜೂನಿನಲ್ಲಿ ನಾವು ವಾರಕ್ಕೆ ಎರಡು ಮೂರು ಸಂಜೆ ಹೋಗ್ತಿದ್ವಿ. ಇಲ್ಲಿ ಆಗ ಒಂಬತ್ತರ ತನಕ ಬೆಳಕು. ದೊಡ್ಡ ಮೀನಿನ ಆಸೆ ನಮಗಿರಲಿಲ್ಲ. ವಾಲ್‌ಐ ಅನ್ನೋದು ಈ ರಾಜ್ಯದ ರಾಜ್ಯಮೀನು, ಅದರ ಹಿಂದೆ ಬಿದ್ದೋರ ಹತ್ತಿರ ಸೋನಾರ್ ಗೀನಾರ್ ಎಲ್ಲ ಇರುತ್ತೆ. ನಮಗೆ ಅಂಗೈಯಗಲದ ಬ್ಲೂಗಿಲ್ ಸಾಕಿತ್ತು. ಎರೆಹುಳ ಕಂಡರೆ ಬಿಡಲ್ಲ, ಮುಳ್ಳು ಜಾಸ್ತಿ, ಅಕ್ಕಿಹಿಟ್ಟು ಖಾರ ಹಚ್ಚಿ ಕಾವಲಿಯಲ್ಲಿ ಹುರಿದರೆ ಊರಿನ ಕೆರೆಮೀನಿನದೇ ರುಚಿ ಅಂತ ಅಪ್ಪ. ನನಗೆ ಹಾಗನಿಸಲಿಲ್ಲ, ಸುಮ್ಮನಿದ್ದೆ.

ಒಂದು ಸಂಜೆ ನಾನೇ ಶುರು ಮಾಡಿದೆ. ಮೋಟಾರ್ ಚೆನ್ನಾಗಿದೆ, ಆದರೂ ಹುಟ್ಟು ಹಾಕೋದರಲ್ಲಿರೋ ಸುಖ ಇದರಲ್ಲಿಲ್ಲ ಅಲ್ವಾ ಅಪ್ಪ ಅಂದೆ. ನಾನು ಮುಂದೆ, ಅವನು ನನ್ನ ಬೆನ್ನ ಹಿಂದೆ. ಮುಖ ಕಾಣ್ತಿರಲಿಲ್ಲ.

‘ಎಂತ ಸುಖ ಮಾರಾಯ ಅದರಲ್ಲಿ? ಬೇರೆ ದಾರಿ ಇರಲಿಲ್ಲ ಅಂತ ಹಾಕಿದ್ದು.’

ಸ್ವಲ್ಪ ಹೊತ್ತು ಮೋಟಾರಿನ ಗುಂಯ್ ಅನ್ನೋ ಸದ್ದು ಮಾತ್ರ. ಆಮೇಲೆ ಅವನೇ ಮಾತಾಡಿದ. ಅಪ್ಪನ ಅಮ್ಮ, ನನ್ನ ಅಜ್ಜಿ, ನಾನು ಹುಟ್ಟೋಕೆ ಮುಂಚೆಯೇ ಹೋದವಳು. ಕಾಯಿಲೆ ಬಂದು ಹೋದಳು ಅಂತಷ್ಟೇ ಮನೆಯಲ್ಲಿ ಹೇಳ್ತಿದ್ದದ್ದು. ಅಪ್ಪನಿಗೆ ಹದಿನೇಳು ಆಗ. ಆಷಾಢದ ಗಾಳಿಮಳೆ. ಅಜ್ಜಿಗೆ ಎರಡು ದಿನದಿಂದ ಹೊಟ್ಟೆನೋವು, ಎಂತದು ಅಂತ ಇವತ್ತಿಗೂ ಗೊತ್ತಿಲ್ಲ. ಆಚೆ ದಡಕ್ಕೆ ದಾಟಿಸಿದರೆ ರಸ್ತೆ, ರಸ್ತೆ ಸಿಕ್ಕಿದರೆ ಸಾಗರದ ಆಸ್ಪತ್ರೆ. ಅಪ್ಪ ಮತ್ತು ಚಿಕ್ಕಪ್ಪ ದೋಣಿಯ ನಡುವೆ ಕಂಬಳಿ ಹಾಸಿ ಮಲಗಿಸಿ, ಮೇಲೆ ಗೊರಬು ಮುಚ್ಚಿ ಹೊರಟರು.

‘ಇಬ್ಬರೂ ಹುಟ್ಟು ಹಾಕ್ತಿದ್ವಿ. ಗಾಳಿ ಎದುರು. ಆಚೆ ದಡದ ಮರ ಕಾಣ್ತಿತ್ತು, ಹತ್ತಿರ ಮಾತ್ರ ಬರ್ತಾ ಇರಲಿಲ್ಲ. ಅವತ್ತು ಗಾಳಿ ಹೇಳಿದ ಕಡೆ ಹೋಗುವ ಹಾಗಿರಲಿಲ್ಲ ನೋಡು. ಅಮ್ಮ ಮೊದಲು ನರಳ್ತಾ ಇದ್ಲು. ಆಮೇಲೆ ನರಳೋದು ನಿಲ್ತು. ನಿದ್ದೆ ಬಂತು ಅಂದ್ಕೊಂಡೆ. ಸಮಾಧಾನ ಆಯ್ತು ನನಗೆ. ಇನ್ನೂ ಜೋರಾಗಿ ಹುಟ್ಟು ಹಾಕಿದೆ.’

ನನ್ನ ಗಾಳದ ಬೆಂಡು ಎರಡು ಸಲ ಮುಳುಗಿ ಎದ್ದಿತು. ಎಳೆಯಲಿಲ್ಲ.

‘ಎಷ್ಟು ದೂರ ಇತ್ತು?’ ಅಂದೆ. ಅದು ಬಿಟ್ಟು ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ.

‘ಎರಡು ಮೈಲಿ ಇರಬೇಕು. ಮೂರು ತಾಸಾಯ್ತು. ಇದು ಇದ್ದಿದ್ದರೆ ಎಷ್ಟು ಹೊತ್ತು?’

ಮೂರು ಕಿಲೋಮೀಟರ್ ಚಿಲ್ಲರೆ. ಎದುರು ಗಾಳಿಯಲ್ಲಿ ಗಂಟೆಗೆ ನಾಲ್ಕು ಅಂದುಕೊಂಡರೆ. ‘ಮುಕ್ಕಾಲು ಗಂಟೆ’ ಅಂದೆ. ಆಷಾಢದ ಹಿನ್ನೀರಿನ ಗಾಳಿಗೆ ಈ 30 ಪೌಂಡಿನ ಮೋಟಾರು ಸಾಲ್ತಿತ್ತಾ ಅಂತ ತಲೆಯೊಳಗಿನ ಎಂಜಿನಿಯರ್ ಕೇಳ್ತಿದ್ದ. ಅದನ್ನು ಹೇಳಲಿಲ್ಲ.

‘ಹ್ಞೂಂ’ ಅಂದ ಅಪ್ಪ. ಹಿಡಿ ತಿರುಗಿಸಿದ ಸದ್ದು ಕೇಳಿತು. ಎರಡರಿಂದ ಐದಕ್ಕೆ. ಗಾಳದ ದಾರ ಇನ್ನೂ ನೀರಿನಲ್ಲೇ ಇತ್ತು, ಎಳೆದುಕೊಂಡೆ. ಕೆರೆಯ ಉದ್ದಕ್ಕೂ, ಗಾಳಿಗೆ ಎದುರಾಗಿ, ಆ ತುದಿ ಮುಟ್ಟುವ ತನಕ ಹಾಗೇ ಓಡಿಸಿದ. ಮುಟ್ಟಿದ ಮೇಲೆ ಮೋಟಾರು ನಿಲ್ಲಿಸಿದ. ಗಾಳಿಯೇ ನಮ್ಮನ್ನು ಮೆಲ್ಲಗೆ ವಾಪಸ್ ತಂದಿತು. ಅಮ್ಮ ದಡದಲ್ಲಿ ಸೊಳ್ಳೆ ಹೊಡ್ಕೊಳ್ತಾ ನಿಂತಿದ್ದಳು, ‘ಇಷ್ಟು ಹೊತ್ತು ಎಂತ ಮಾಡಿದ್ರಿ?’ ಅಂದಳು. ‘ಮೀನು ಕಚ್ಚಲಿಲ್ಲ’ ಅಂದ ಅಪ್ಪ.

ಅವರು ಸೆಪ್ಟೆಂಬರಿನಲ್ಲಿ ವಾಪಸ್ ಹೋದರು. ಈಗ ಇಲ್ಲಿ ಕೆರೆ ಕಲ್ಲಾಗಿದೆ, ಅದರ ಮೇಲೆ ಜನ ಪಿಕಪ್ ಟ್ರಕ್ ಓಡಿಸ್ತಾರೆ. ಕನೂ ಗ್ಯಾರೇಜಿನ ಗೋಡೆಗೆ ನೇತಾಡ್ತಿದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಹಾಳಾಗುತ್ತೆ, ಹಾಗಾಗಿ ಅದು ಮನೆಯೊಳಗೆ ಕೋಟುಗಳ ಕಪಾಟಿನಲ್ಲಿ, ಅರ್ಧ ಚಾರ್ಜಿನಲ್ಲಿ ಮಲಗಿದೆ.

ಹೋದ ಭಾನುವಾರ ಅಪ್ಪ ವಿಡಿಯೋ ಕಾಲ್ ಮಾಡಿದ. ಮುಂದಿನ ಸಲ ಊರಿಗೆ ಬರುವಾಗ ಮೋಟಾರು ತರೋಕಾಗ್ತದಾ ಅಂತ. ಹಿನ್ನೀರಿನ ಆಚೆ ಅವನ ಚಿಕ್ಕಪ್ಪನ ಮಗ ಇನ್ನೂ ದೋಣಿ ಇಟ್ಟುಕೊಂಡಿದ್ದಾನೆ. ಮೋಟಾರು ಲಗೇಜಿನಲ್ಲಿ ತರಬಹುದೇನೋ, ಈ ಬ್ಯಾಟರಿ ಮಾತ್ರ ವಿಮಾನದಲ್ಲಿ ಆಗಲ್ಲ, 160 ವಾಟ್-ಅವರ್ ಮೇಲಿನ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರಿಗೆ ಅನುಮತಿ ಇಲ್ಲ, ಇದು 640 ಅಂದೆ.

‘ಬ್ಯಾಟರಿ ಎಂತಕ್ಕೆ ಅಲ್ಲಿಂದ? ಇಲ್ಲಿ ಇನ್ವರ್ಟರಿಂದು ಇದೆಯಲ್ಲ.’

‘ಅದು ಐವತ್ತು ಕೆಜಿ ಇದೆ ಅಪ್ಪ.’

‘ಇರಲಿ. ಮುಂದೆ ಇಟ್ಟರಾಯ್ತು, ಮೂತಿ ಏಳಲ್ಲ’ ಅಂದ. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಎಲ್ಲೋ ಹೋದ. ಬಂದವನ ಎಡಗೈಯಲ್ಲಿ ಒಂದು ಅಡಿಕೆ ದಬ್ಬೆ, ಅದರ ಮೇಲೆ ಪೆನ್ನಿನಲ್ಲಿ ಎರಡು ಗೀಟು. ಹೋದ ವಾರವೇ ದಾಟಿ ಹೋಗಿ ಆ ದೋಣಿಯ ಅಂಚಿನಿಂದ ಅಂಚಿಗೆ ಅಳತೆ ತೆಗೆದುಕೊಂಡು ಬಂದಿದ್ದಾನೆ. ‘ಇಷ್ಟು ಅಗಲ. ಕ್ಲ್ಯಾಂಪ್ ಹಿಡೀತದಾ ನೋಡು’ ಅಂತ ಕ್ಯಾಮೆರಾದ ಹತ್ತಿರ ಹಿಡಿದ. ನಾನು ಗ್ಯಾರೇಜಿಗೆ ಟೇಪು ತರೋಕೆ ಹೋದೆ.